ಎರಡು ಸಾವಿರದ ವೈರು, ನಾಲ್ಕು ಸ್ವಿಚ್ಚು, ಒಂದು ತಂಬೂರಿ

ಎರಡು ಸಾವಿರದ ಒಳಗೆ ವೈರಿನ ಇಯರ್‌ಫೋನ್ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಯಾರ ದನಿ ಚೆನ್ನಾಗಿ ಗೊತ್ತು? ಸಿನಿಮಾ ಗಾಯಕರದಾಗಲಿ, ಶ್ರಾವಣದಲ್ಲಿ ಭಜನೆ ಹೇಳುವ ನಿಮ್ಮ ಅತ್ತೆಯದಾಗಲಿ. ಕಣ್ಣು ಮುಚ್ಚಿ ಕೇಳಿದರೂ "ದನಿ ಅವರದೇ, ಇವತ್ತು ಸ್ವಲ್ಪ ನೆಗಡಿ ಆಗಿದೆ" ಅಂತ ಹೇಳುವಷ್ಟು ಗೊತ್ತಿರಬೇಕು. ಅಂಥ ಒಂದು ದನಿ ಕೈಯಲ್ಲಿ ಇಲ್ಲದೆ ಇಯರ್‌ಫೋನ್ ಪರೀಕ್ಷೆ ಮಾಡುವುದು ಆಗದ ಮಾತು. ಅದರಲ್ಲೂ ಈಗ ಕಡಿಮೆ ಬೆಲೆಗೇ ಸಿಗುತ್ತಿರುವ, ದನಿಯನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವ ಇಯರ್‌ಫೋನ್‌ಗಳಿಗೆ ಇದು ಇನ್ನೂ ಮುಖ್ಯ. ಬದಲಿಸಬಹುದು, ಸರಿ. ಯಾವ ಕಡೆಗೆ ಬದಲಿಸಬೇಕು ಅಂತ ಗೊತ್ತಾಗಬೇಕಲ್ವಾ?

ನಾನು ಧಾರವಾಡದವಳು. ಕೆಲಸ ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ, ಅಂದರೆ ಈ ಎರಡು ಊರಿನ ನಡುವೆ ಓಡುವ ಏಸಿ ಬಸ್ಸಿನಲ್ಲಿ, ಹೋಗಿ ಬರುತ್ತೇನೆ. ಕೆಲವು ಸಂಜೆ ಹಾಡಿನ ಕ್ಲಾಸ್ ಇರುತ್ತದೆ. ಬಸ್ಸಿನಲ್ಲಿ ಹಳೆಯ ರೆಕಾರ್ಡಿಂಗು, ಮನೆಯಲ್ಲಿ ತಂಬೂರಿ ಆಪ್ ಹಾಕಿಕೊಂಡು ರಿಯಾಜು, ರಾತ್ರಿ ಕ್ಲಾಸಿನ ಪಾಠ ಮತ್ತೆ ಕೇಳಿ ಸ್ವರ ಬರೆದುಕೊಳ್ಳುವುದು. ಹೀಗಾಗಿ ಇಯರ್‌ಫೋನ್ ನನಗೆ ಟೈಂಪಾಸಿನ ವಸ್ತು ಅಲ್ಲ, ಕಲಿಯುವ ವಸ್ತು. ನನಗೆ ಚೆನ್ನಾಗಿ ಗೊತ್ತಿರುವ ದನಿ ಗಂಗೂಬಾಯಿ ಹಾನಗಲ್ಲರದು. ಈ ಊರಿನಲ್ಲಿ ಅದು ದೊಡ್ಡ ಮಾತೇನಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದ ಮನೆಗಳಲ್ಲಿ ಅವರ ದನಿ, ಮಲ್ಲಿಕಾರ್ಜುನ ಮನ್ಸೂರರ ದನಿ ಮನೆಯ ಹಿರಿಯರ ದನಿಯಷ್ಟೇ ಪರಿಚಯ.

ವೈರು ಯಾಕೆ ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ಬರೀ ಕೇಳುವುದಕ್ಕಾದರೆ ಬ್ಲೂಟೂತ್ ನಡೆಯುತ್ತದೆ. ಹಾಡಿ ರೆಕಾರ್ಡ್ ಮಾಡಿಕೊಳ್ಳುವವರಿಗೆ ನಡೆಯುವುದಿಲ್ಲ. ಬ್ಲೂಟೂತಿನಲ್ಲಿ ಫೋನಿನಿಂದ ಹೊರಟ ದನಿ ಕಿವಿ ಮುಟ್ಟುವುದು ಸಾಮಾನ್ಯವಾಗಿ ನೂರಿನ್ನೂರು ಮಿಲಿಸೆಕೆಂಡು ತಡವಾಗಿ. ವಿಡಿಯೊ ನೋಡುವಾಗ ಆಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸಿಬಿಡುತ್ತವೆ, ಗೊತ್ತಾಗುವುದಿಲ್ಲ. ಆದರೆ ತಬಲಾ ಟ್ರ್ಯಾಕ್ ಕೇಳುತ್ತ ಹಾಡಿ ಅದರ ಮೇಲೇ ನಿಮ್ಮ ದನಿ ರೆಕಾರ್ಡ್ ಮಾಡಿ ನೋಡಿ. ನಿಮಿಷಕ್ಕೆ 300 ಮಾತ್ರೆಯ (ತಾಳದ ಎಣಿಕೆಯ) ವೇಗದ, ದ್ರುತ್ ತೀನತಾಲ ಅಂದರೆ ಒಂದು ಮಾತ್ರೆಗೆ 200 ಮಿಲಿಸೆಕೆಂಡು. ನೀವು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಬಂದಿರುತ್ತೀರಿ, ರೆಕಾರ್ಡಿಂಗಿನಲ್ಲಿ ಮಾತ್ರ ಒಂದು ಮಾತ್ರೆ ಹಿಂದೆ ಬಿದ್ದಿರುತ್ತೀರಿ. ಫೋನಿನ ಹಾರ್ಮೋನಿಯಂ ಆಪ್ ಮೇಲೆ ಬೆರಳಿಟ್ಟರೂ ಅಷ್ಟೇ, ಬೆರಳು ಮುಂದೆ, ಸ್ವರ ಹಿಂದೆ. ವೈರಿನಲ್ಲಿ ಈ ತಾಪತ್ರಯ ಇಲ್ಲ. ಚಾರ್ಜ್ ಮಾಡುವ ಕೆಲಸ ಇಲ್ಲ. ಬ್ಯಾಟರಿ ಸತ್ತು ಇಡೀ ಸೆಟ್ಟೇ ಕಸಕ್ಕೆ ಹೋಗುವ ಮಾತೂ ಇಲ್ಲ.

ಈಗ ಸ್ವಿಚ್ಚಿನ ವಿಷಯ. ನಾನು ಬಳಸುತ್ತಿರುವುದು ಚೀನಾದ ಒಂದು ಕಂಪನಿಯದು, ಒಂದೊಂದು ಕಿವಿಯ ತುಂಡಿನ ಬೆನ್ನಿಗೆ ನಾಲ್ಕು ಸ್ವಿಚ್ಚು. ಸ್ವಿಚ್ಚು ಅಂದರೆ ಗೋಡೆಯ ಸ್ವಿಚ್ ನೆನಪಿಸಿಕೊಳ್ಳಬೇಡಿ. ಕಡಲೆ ಕಾಳಿಗಿಂತ ಚಿಕ್ಕ ಜಾಗದಲ್ಲಿ ನಾಲ್ಕು ಬಿಳಿ ಹಲ್ಲು ಸಾಲಾಗಿ ನಿಂತಿವೆ. ಪಕ್ಕದಲ್ಲಿ 1, 2, 3, 4 ಅಂತ ಅಚ್ಚು ಇದೆ, ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಉಗುರು ಹೋಗುವುದಿಲ್ಲ. ಡಬ್ಬಿಯಲ್ಲಿ ಸಿಮ್ ತೆಗೆಯುವ ಪಿನ್ನಿನಂಥದೊಂದು ಕೊಟ್ಟಿರುತ್ತಾರೆ, ಅದರ ತುದಿಯಿಂದ ಮೇಲಕ್ಕೋ ಕೆಳಕ್ಕೋ ಮೆತ್ತಗೆ ತಳ್ಳಬೇಕು. ಟಕ್ ಅಂತ ಸಣ್ಣಗೆ ಸದ್ದಾದರೆ ಕೂತಿದೆ ಅಂತ. ನಾಲ್ಕು ಸ್ವಿಚ್ಚಿಗೆ ಹದಿನಾರು ಜೋಡಣೆ ಆಗುತ್ತವೆ. ಡಬ್ಬಿಯ ಮೇಲೂ ಹದಿನಾರು ಬಗೆಯ ದನಿ ಅಂತ ದೊಡ್ಡದಾಗಿ ಬರೆದಿದ್ದಾರೆ. ಎಡಬಲ ಎರಡರಲ್ಲೂ ಒಂದೇ ಜೋಡಣೆ ಇಡಬೇಕು, ಇಲ್ಲದಿದ್ದರೆ ದನಿ ಒಂದು ಕಡೆಗೆ ವಾಲುತ್ತದೆ.

ಒಳಗೆ ನಡೆಯುವುದು ಸರಳ. ಇಂಥ ಇಯರ್‌ಫೋನಿನಲ್ಲಿ ಬೇಸಿಗೊಂದು (ತಳದ ದನಿಗೆ), ಮೇಲಿನ ದನಿಗೊಂದು ಅಂತ ಒಂದಕ್ಕಿಂತ ಹೆಚ್ಚು ಡ್ರೈವರ್, ಅಂದರೆ ದನಿ ಹೊರಡಿಸುವ ಪುಟ್ಟ ಸ್ಪೀಕರ್, ಇರುತ್ತವೆ. ಸ್ವಿಚ್ಚಿನ ಹಿಂದೆ ಕರೆಂಟು ತಡೆಯುವ ಸಣ್ಣ ರೆಸಿಸ್ಟರುಗಳಿರುತ್ತವೆ. ಸ್ವಿಚ್ ಬದಲಾದರೆ ಒಂದು ಡ್ರೈವರಿಗೆ ಹೋಗುವ ಕರೆಂಟು ಸ್ವಲ್ಪ ಜಾಸ್ತಿಯೋ ಕಡಿಮೆಯೋ ಆಗುತ್ತದೆ. ಅಷ್ಟೇ. ದನಿಯ ಸ್ವಭಾವ ಪೂರ್ತಿ ಬದಲಾಗುವುದಿಲ್ಲ. ಸಾಮಾನ್ಯವಾಗಿ ಒಂದೊಂದು ಸ್ವಿಚ್ಚಿಗೆ ಒಂದೆರಡು ಡೆಸಿಬೆಲ್ (ಸದ್ದಿನ ಅಳತೆ) ಹೆಚ್ಚು ಕಡಿಮೆ, ಅದೂ ಬಹುಪಾಲು ಬೇಸಿನಲ್ಲಿ. ನನ್ನದರಲ್ಲಿ ಹದಿನಾರರಲ್ಲಿ ಕಿವಿಗೆ ಬೇರೆ ಅಂತ ನಿಜವಾಗಿ ಕೇಳುವುದು ಮೂರೋ ನಾಲ್ಕೋ. ಉಳಿದದ್ದು ಡಬ್ಬಿಯ ಮೇಲಿನ ಮಾತು.

ಇದೇ ಜಾತಿಯಲ್ಲಿ ಹೆಸರು ಮಾಡಿದ್ದು ಕೆಝಡ್ ಕ್ಯಾಸ್ಟರ್. ಒಂದೊಂದು ಕಿವಿಗೆ ಎರಡು ಡೈನಮಿಕ್ ಡ್ರೈವರು, ನಾಲ್ಕು ಸ್ವಿಚ್ಚು. ಹಾರ್ಮನ್ ಟಾರ್ಗೆಟ್ ಅಂತ ಒಂದು, ಬೇಸ್ ಹೆಚ್ಚಿಸಿದ್ದು ಅಂತ ಒಂದು, ಎರಡು ಬಗೆ ಬರುತ್ತದೆ. ಹಾರ್ಮನ್ ಅನ್ನುವುದು ಆಡಿಯೊ ಕಂಪನಿಯ ಹೆಸರು. ಅಲ್ಲಿ ಶಾನ್ ಆಲಿವ್ ಮತ್ತು ಅವರ ಜೊತೆಯವರು ಸಾಕಷ್ಟು ಜನರನ್ನು ಕೂರಿಸಿ, ಎಂಥ ದನಿ ಹೆಚ್ಚಿನವರಿಗೆ ಇಷ್ಟವಾಗುತ್ತದೆ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿ, ತಳದಿಂದ ಮೇಲಿನವರೆಗೆ ಯಾವ ದನಿ ಎಷ್ಟು ಜೋರಿರಬೇಕು ಅನ್ನುವ ಒಂದು ಗೆರೆ ಎಳೆದರು. ಈಗ ಅಗ್ಗದ ಇಯರ್‌ಫೋನ್ ಮಾಡುವವರೂ ಆ ಗೆರೆಯನ್ನು ಎದುರಿಗೆ ಇಟ್ಟುಕೊಳ್ಳುತ್ತಾರೆ. ಕಡಿಮೆ ಬೆಲೆಯವು ಇತ್ತೀಚೆಗೆ ಇಷ್ಟು ಚೆನ್ನಾಗಿ ಆಗಿರುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಬಗೆಯಲ್ಲಿ ಕಿವಿಯೊಳಗೆ ಹೋಗುವ ಮೂತಿಯನ್ನೇ ತಿರುಪಿ ಬಿಚ್ಚಿ ಬೇರೆ ಹಾಕಬಹುದು. ಟಿಆರ್‌ಎನ್ ಕಾಂಚ್ ಜೊತೆಗೆ ಮೂರು ಜೊತೆ ಮೂತಿ ಕೊಡುತ್ತಾರೆ. ಇದರಲ್ಲಿ ಹೆಚ್ಚಾಗಿ ಬದಲಾಗುವುದು ಮೇಲಿನ ದನಿ, ಟ್ರೆಬಲ್. ಮೂರನೆಯದು ಟೈಪ್-ಸಿ ವೈರಿನೊಳಗೇ ಚಿಪ್ ಇರುವಂಥದ್ದು. ಮೂನ್‌ಡ್ರಾಪ್ ಮೇ ಅಂಥದ್ದು, ಫೋನಿನ ಆಪಿನಿಂದಲೇ ದನಿ ತಿದ್ದಬಹುದು. ಅದರ ಬೆಲೆ ನಾನು ಹೇಳುತ್ತಿರುವ ಲೆಕ್ಕಕ್ಕಿಂತ ಮೇಲೆ.

ಪರೀಕ್ಷೆ ಮಾಡುವಾಗ ಒಂದು ವಿಷಯದಲ್ಲಿ ಹುಷಾರಾಗಿರಿ. ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿ ಕೇಳುತ್ತದೆ. ಒಂದು ಸ್ವಿಚ್ ಮೇಲೆ ಮಾಡಿದಾಗ ಒಟ್ಟು ಸದ್ದೇ ಚೂರು ಏರಿರುತ್ತದೆ, ನಾವು "ಆಹಾ, ಎಷ್ಟು ಸ್ಪಷ್ಟ" ಅಂದುಬಿಡುತ್ತೇವೆ. ವಾಲ್ಯೂಮ್ ಒಂದು ಗೆರೆ ಇಳಿಸಿ ಮತ್ತೆ ಕೇಳಿದರೆ ಆ ಸ್ಪಷ್ಟತೆ ಮಾಯ. ಇನ್ನೊಂದು ತೊಂದರೆ ಅಂದರೆ ದನಿಯ ನೆನಪು ಬಹಳ ಹೊತ್ತು ಉಳಿಯುವುದಿಲ್ಲ. ಇಯರ್‌ಫೋನ್ ತೆಗೆದು, ಪಿನ್ನು ಹುಡುಕಿ, ಸ್ವಿಚ್ ತಳ್ಳಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮೊದಲು ಕೇಳಿದ್ದು ಹೇಗಿತ್ತು ಅನ್ನುವುದೇ ಮಸುಕಾಗಿರುತ್ತದೆ.

ಇದಕ್ಕೆ ನಾನು ಮಾಡುವ ಉಪಾಯ ಹೇಳುತ್ತೇನೆ. ಎಡಗಡೆ ಎಲ್ಲ ಸ್ವಿಚ್ ಕೆಳಗೆ ಇಡುತ್ತೇನೆ. ಬಲಗಡೆ ಒಂದೇ ಒಂದು ಸ್ವಿಚ್ ಮೇಲೆ. ಆಮೇಲೆ ಹಳೆಯ ಮೊನೊ ರೆಕಾರ್ಡಿಂಗ್ ಹಾಕುತ್ತೇನೆ. ಮೊನೊ ಅಂದರೆ ಎರಡೂ ಕಿವಿಗೆ ಹೋಗುವುದು ಅದೇ ದನಿ. ಆಗ ಆ ಸ್ವಿಚ್ ಏನು ಮಾಡುತ್ತದೆ ಅನ್ನುವುದು ಅಲ್ಲೇ, ಅದೇ ಕ್ಷಣ ಕೇಳುತ್ತದೆ. ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ದಪ್ಪ ದನಿಯದು, ಬಲಕ್ಕೆ ವಾಲಿ ಹಾಡು ನಡುವೆಯೇ ಉಳಿದರೆ ಅದು ಬೇಸಿನ ಸ್ವಿಚ್ಚು. ಹಳೆಯ ಗ್ರಾಮಫೋನ್ ಪ್ಲೇಟಿನ ಸರಸರ ಬಲಕ್ಕೆ ವಾಲಿದರೆ ಟ್ರೆಬಲಿನದು. ನಮ್ಮ ಎರಡು ಕಿವಿಯೂ ಒಂದೇ ಸಮ ಇರುವುದಿಲ್ಲ, ಅದಕ್ಕೇ ಸ್ವಿಚ್ ಅದಲು ಬದಲು ಮಾಡಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಒಂದು ಭಾನುವಾರ ಮಧ್ಯಾಹ್ನ ಕೂತರೆ ನಾಲ್ಕೂ ಸ್ವಿಚ್ಚಿನ ಜಾತಕ ಗೊತ್ತಾಗುತ್ತದೆ.

ಸ್ವಿಚ್ಚಿಗಿಂತ ಮುಂಚೆ ತಂಬೂರಿ. ಯಾವ ಹೊಸ ಇಯರ್‌ಫೋನ್ ಕೈಗೆ ಬಂದರೂ ನಾನು ಮೊದಲು ಹಾಕುವುದು ಬರೀ ತಂಬೂರಿ. ಹಾಡಿಲ್ಲ, ತಬಲಾ ಇಲ್ಲ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಗೆ ಮಧ್ಯ ಷಡ್ಜ ಹೆಚ್ಚು ಕಡಿಮೆ 139 ಹರ್ಟ್ಝ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ; ಖರ್ಜದ, ಅಂದರೆ ಕೆಳಗಿನ ಷಡ್ಜದ ತಂತಿ ಅದರ ಅರ್ಧ, 69 ಚಿಲ್ಲರೆ. ನಾನು ಹಾಡುವುದು ಕಾಳಿ ನಾಲ್ಕಕ್ಕೆ, ಅಲ್ಲಿ ಖರ್ಜ 104ರ ಹತ್ತಿರ. ಆ ತಳದಿಂದ ಹೊರಟ ಒಂದು ತಂತಿಯಿಂದ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಅಂತ ಸಾವಿರಾರು ಹರ್ಟ್ಝ್‌ವರೆಗೂ ಸ್ವರಗಳು ಎದ್ದು ಬರುತ್ತವೆ. ತಂತಿಗಳನ್ನು ಹೊತ್ತ ಕುದುರೆ ಅನ್ನುವ ಪಟ್ಟಿಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆಯಿಂದ ಜವಾರಿ, ಅಂದರೆ ತಂಬೂರಿಯ ಆ ಝೇಂಕಾರ, ಸರಿ ಕೂತಿದ್ದರೆ ಅವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಮೀರಜದ ಒಳ್ಳೆಯ ತಂಬೂರಿಯ ಪಕ್ಕ ಕೂತವರಿಗೆ ಗೊತ್ತು: ಖರ್ಜ ಮೀಟಿದ ಮೇಲೆ, ಯಾರೂ ಮೀಟದ ಗಾಂಧಾರ ತಾನೇ ಕೇಳುತ್ತದೆ. ಅದು ಐದನೆಯ ಪಟ್ಟು.

ಇಯರ್‌ಫೋನಿನಲ್ಲಿ ಆ ಗಾಂಧಾರ ಕೇಳಬೇಕು. ಇದೇ ನನ್ನ ಮೊದಲ ಪರೀಕ್ಷೆ. ಬೇಸನ್ನು ವಿಪರೀತ ತುಂಬಿದ ಇಯರ್‌ಫೋನುಗಳಲ್ಲಿ ಖರ್ಜ ಒಂದು ದಪ್ಪ ಗುಂಯ್ ಆಗಿ ಮೇಲಿನದನ್ನೆಲ್ಲ ಮುಚ್ಚಿಬಿಡುತ್ತದೆ. ಟ್ರೆಬಲ್ ಚುಚ್ಚುವಂಥವುಗಳಲ್ಲಿ ಬರೀ ಝರಿ ಕೇಳುತ್ತದೆ, ತಳ ಇರುವುದಿಲ್ಲ. ನನ್ನ ಸೆಟ್ಟಿನಲ್ಲಿ ಎಲ್ಲ ಸ್ವಿಚ್ ಮೇಲಿದ್ದಾಗ ಗಾಂಧಾರ ಗುಂಯ್ ಒಳಗೆ ಕರಗಿಹೋಗುತ್ತದೆ. ಎರಡೂ ಬೇಸ್ ಸ್ವಿಚ್ ಕೆಳಗಿಳಿಸಿದರೆ ಬಿಡಿಸಿಕೊಂಡು ಬರುತ್ತದೆ. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡು ಸಾವಿರದ ವಸ್ತುವಿನಲ್ಲಿ ಇದು ಕೇಳುತ್ತದೆ ಅಂದರೆ ಕಲಿಯುವ ಹುಡುಗರಿಗೆ ಎಷ್ಟು ಅನುಕೂಲ!

ಆಮೇಲೆ ಗಂಗೂಬಾಯಿಯವರು. ಗ್ರಾಮಫೋನ್ ಪ್ಲೇಟಿನ ಮೇಲೆ "ಗಾಂಧಾರಿ ಹುಬ್ಳಿ" ಅಂತ ಹೆಸರಿದ್ದ ಕಾಲದ ಹಾಡುಗಳಲ್ಲಿ ಅವರ ದನಿ ತೆಳುವು, ಏರು. ಗಂಟಲಿನ ಆಪರೇಶನ್ ಆದಮೇಲೆ ಭಾರವಾಗಿ ಇಳಿಯಿತು, ನಾವೆಲ್ಲ ಬಲ್ಲ ಆ ಗಂಭೀರ ದನಿ ಬಂತು. ಇವೆರಡನ್ನೂ ಒಂದರ ಹಿಂದೊಂದು ಕೇಳುತ್ತೇನೆ. ಹಳೆಯದರಲ್ಲಿ ದನಿ ಕೀರಲಾಗಬಾರದು. ಆಮೇಲಿನದರಲ್ಲಿ ಮಂದ್ರದ ಸ್ವರ ಹಿಡಿದಾಗ ಎದೆಯ ದನಿ ಕೇಳಬೇಕು, ಆದರೆ ಗಂಡಸರ ದನಿ ಅನ್ನುವ ಹಾಗೆ ಊದಿಕೊಳ್ಳಬಾರದು. ಬೇಸ್ ಸ್ವಿಚ್ ಮೇಲಿದ್ದಾಗ ಆಗುವುದು ಅದೇ. ಅವರ ದನಿಯ ತೂಕ ಇರುವುದು ನೂರೈವತ್ತು ಮುನ್ನೂರು ಹರ್ಟ್ಝ್ ನಡುವೆ. ಅಗ್ಗದ ಇಯರ್‌ಫೋನಿನ ಬೇಸ್ ಸ್ವಿಚ್ಚು ಬರೀ ತಳವನ್ನು ಏರಿಸದೆ ಆ ಜಾಗಕ್ಕೂ ಕೈ ಹಾಕುತ್ತದೆ.

ಮೂರು ನಾಲ್ಕನೆಯ ಸ್ವಿಚ್, ಅಂದರೆ ನನ್ನದರಲ್ಲಿ ಟ್ರೆಬಲಿನವು, ಹಳೆಯ ಪ್ಲೇಟಿಗೆ ಉಪಯೋಗವೇ ಇಲ್ಲ. 78 ಸುತ್ತಿನ ಪ್ಲೇಟಿನಲ್ಲಿ ಆರೇಳು ಸಾವಿರ ಹರ್ಟ್ಝ್‌ಗಿಂತ ಮೇಲೆ ಹಾಡಿನದು ಬಹಳ ಕಡಿಮೆ ಇರುತ್ತದೆ, ಉಳಿದದ್ದು ಮುಳ್ಳು ಉಜ್ಜಿದ ಸದ್ದು. ಟ್ರೆಬಲ್ ಏರಿಸಿದರೆ ಏರುವುದು ಆ ಸದ್ದೇ. ಈಚಿನ ರೆಕಾರ್ಡಿಂಗುಗಳಿಗೆ ಒಂದು ಸ್ವಿಚ್ ಮೇಲೆ ಇಟ್ಟರೆ ಸ್ವರಮಂಡಲದ ತಂತಿ ಚೆನ್ನಾಗಿ ಮಿನುಗುತ್ತದೆ. ಎರಡೂ ಮೇಲೆ ಇಟ್ಟರೆ ಹಾಡುವವರ "ಸ" "ಶ" ಎಲ್ಲ ಸೀಳಿಕೊಂಡು ಬರುತ್ತವೆ, ಕಿವಿ ಬೇಗ ದಣಿಯುತ್ತದೆ.

ನನಗೆ ಚುಚ್ಚುವುದು ನಿಮಗೆ ಚುಚ್ಚದೆಯೂ ಇರಬಹುದು. ಇದು ಬರೀ ರುಚಿಯ ಮಾತಲ್ಲ. ಕಿವಿಯ ಕೊಳವೆ ತೆರೆದಿರುವಾಗ 3000 ಹರ್ಟ್ಝ್ ಆಸುಪಾಸಿನ ಸದ್ದನ್ನು ತಾನೇ ಏರಿಸುತ್ತದೆ. ನಾವು ಹುಟ್ಟಿದಾಗಿನಿಂದ ಎಲ್ಲ ದನಿಯನ್ನೂ ಆ ಏರಿಕೆಯ ಜೊತೆಗೇ ಕೇಳುತ್ತ ಬಂದವರು. ಇಯರ್‌ಫೋನ್ ಒಳಗೆ ಕೂತರೆ ಕೊಳವೆಯ ಬಾಯಿ ಮುಚ್ಚುತ್ತದೆ, ಆ ಏರಿಕೆಯನ್ನು ಇಯರ್‌ಫೋನೇ ತುಂಬಿಕೊಡಬೇಕಾಗುತ್ತದೆ. ಎಲ್ಲರ ಕೊಳವೆ ಒಂದೇ ಉದ್ದ ಇರುವುದಿಲ್ಲ, ಒಂದೇ ಅಗಲವೂ ಇರುವುದಿಲ್ಲ. ಕಂಪನಿಯವರು ಒಂದು ಲೆಕ್ಕ ಹಾಕಿ ಮಾಡಿರುತ್ತಾರೆ. ನಿಮ್ಮ ಕಿವಿ ಆ ಲೆಕ್ಕಕ್ಕೆ ಹತ್ತಿರ ಇದ್ದರೆ ಪುಣ್ಯ. ದನಿ ತಿದ್ದಿಕೊಳ್ಳುವ ಅವಕಾಶ ಬೇಕಾಗುವುದು ಇದಕ್ಕೇ. ಇನ್ನೊಬ್ಬರ ಸೆಟ್ಟಿಂಗನ್ನು ಹಾಗೇ ತಗೊಂಡರೆ ಕೆಲಸ ಆಗದಿರುವುದೂ ಇದಕ್ಕೇ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಕ್ಲಾಸಿಗೆ ತಬಲಾ ಸಾಥ್ ಮಾಡುವ ಕಾಕಾ ಒಬ್ಬರಿದ್ದಾರೆ. ನನ್ನ ಇಯರ್‌ಫೋನ್ ಹಾಕಿಕೊಂಡು ಒಂದು ನಿಮಿಷ ಕೇಳಿ ತೆಗೆದುಕೊಟ್ಟರು.

"ತಂಗಿ, ಇದರಾಗ ಡಗ್ಗಾ ಎಲ್ಲಿ ಹೋತು? ಬರೇ ಕಿನಾರ ಕೇಳಸ್ತೈತಿ."

ಕಿನಾರ ಅಂದರೆ ತಬಲಾದ ಅಂಚಿನ ಸದ್ದು. ನನಗೆ ಆಶ್ಚರ್ಯ. ಅದೇ ಸ್ವಿಚ್ಚಿನಲ್ಲಿ ನನಗೆ ಡಗ್ಗಾದ ಗಮಕ ಸಹಿತ ಕೇಳುತ್ತದೆ. ಅವರ ಕಿವಿ ನೋಡಿದೆ. ಕೊಳವೆ ದೊಡ್ಡದು, ಮೂತಿಗೆ ಸಿಕ್ಕಿಸಿದ ನನ್ನ ಸಣ್ಣ ರಬ್ಬರು ಒಳಗೆ ಸಡಿಲವಾಗಿ ನಿಂತಿತ್ತು. ದೊಡ್ಡ ಅಳತೆಯ ರಬ್ಬರು ಹಾಕಿ, ಕಿವಿಯನ್ನು ಮೇಲಕ್ಕೆ ಎಳೆದುಕೊಂಡು ಕೂರಿಸಿಕೊಳ್ಳಿ ಅಂದೆ. ಹಾಕಿಕೊಂಡವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೊಡೆಯ ಮೇಲೆ ಬೆರಳು ಆಡತೊಡಗಿದವು.

"ಈಗ ಬಂತ ನೋಡವಾ," ಅಂದರು.

ಕುಕ್ಕರಿನ ಮುಚ್ಚಳಕ್ಕೆ ರಬ್ಬರು ಸರಿ ಕೂರದಿದ್ದರೆ ಸೀಟಿ ಬರುವುದಿಲ್ಲವಲ್ಲ, ಇದೂ ಹಾಗೇ. ಕಿವಿಗೂ ರಬ್ಬರಿಗೂ ನಡುವೆ ಕೂದಲಿನಷ್ಟು ಸಂದು ಉಳಿದರೂ ಬೇಸ್ ಅಲ್ಲಿಂದ ಸೋರಿಹೋಗುತ್ತದೆ. ಒಂದು ಸ್ವಿಚ್ ಒಂದೆರಡು ಡೆಸಿಬೆಲ್ ಬದಲಿಸಿದರೆ, ಸರಿ ಕೂರದ ರಬ್ಬರು ತಳದ ದನಿಯಲ್ಲಿ ಹತ್ತು ಡೆಸಿಬೆಲ್ಲಿಗಿಂತ ಹೆಚ್ಚನ್ನು ತಿಂದುಬಿಡಬಲ್ಲದು. ಮೂತಿ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದರ ಮೇಲೆ ಟ್ರೆಬಲ್ ಕೂಡ ಬದಲಾಗುತ್ತದೆ. ಡಬ್ಬಿಯಲ್ಲಿ ಮೂರು ಅಳತೆ ಕೊಟ್ಟಿರುತ್ತಾರೆ. ಹೆಚ್ಚಿನವರು ಮೊದಲೇ ಸಿಕ್ಕಿಸಿರುವ ನಡುವಿನ ಅಳತೆಯಲ್ಲೇ ವರ್ಷಗಟ್ಟಲೆ ಇರುತ್ತಾರೆ, ಉಳಿದದ್ದನ್ನು ಕವರ್ ಸಮೇತ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಎಡಕ್ಕೊಂದು ಬಲಕ್ಕೊಂದು ಬೇರೆ ಅಳತೆ ಬೇಕಾಗುವವರೂ ಇದ್ದಾರೆ, ನಾನೇ ಅವರಲ್ಲಿ ಒಬ್ಬಳು. ಸರಿ ಕೂತಿದೆಯಾ ಅಂತ ತಿಳಿಯಲು ಬೇಸ್ ಇರುವ ಹಾಡು ಹಾಕಿ ಎರಡನ್ನೂ ಬೆರಳಿನಿಂದ ಮೆತ್ತಗೆ ಒಳಕ್ಕೆ ಒತ್ತಿ. ಒತ್ತಿದಾಗ ಬೇಸ್ ಏರಿದರೆ ಸಂದು ಇದೆ ಅಂತಲೇ ಅರ್ಥ. ಒಂದು ಅಳತೆ ಮೇಲಕ್ಕೆ ಹೋಗಿ.

ಬಸ್ಸಿನಲ್ಲಿ ಲೆಕ್ಕ ಬೇರೆ. ಚಿಗರಿ ಬಸ್ಸು ಏಸಿ ಇದ್ದು ಬಾಗಿಲು ಮುಚ್ಚಿರುತ್ತದೆ, ಹೊರಗಿನ ಹಾರ್ನ್ ಕಡಿಮೆ. ಆದರೆ ಎಂಜಿನ್ನು, ಏಸಿಯ ಗಾಳಿ ಸೇರಿ ಒಂದು ದಪ್ಪ ಗುಂಯ್ ಯಾವಾಗಲೂ ಇರುತ್ತದೆ. ನವನಗರ ದಾಟಿ ಬಸ್ಸು ವೇಗ ಹಿಡಿದ ಮೇಲೆ ತಂಬೂರಿಯ ಖರ್ಜ, ಡಗ್ಗಾ ಎರಡೂ ಅದರಲ್ಲಿ ಮುಳುಗುತ್ತವೆ. ಮನೆಯಲ್ಲಿ ಸಾಕು ಅನ್ನಿಸುವ ಬೇಸು ಅಲ್ಲಿ ಸಾಲುವುದಿಲ್ಲ. ಹಾಗಾಗಿ ಪ್ರಯಾಣಕ್ಕೆ ಒಂದು ಬೇಸ್ ಸ್ವಿಚ್ ಮೇಲೆ ಇಡುವುದು ತಪ್ಪಲ್ಲ. ಕೆಲವರು ಬೇಸ್ ಸಾಲದು ಅಂತ ಒಟ್ಟು ವಾಲ್ಯೂಮನ್ನೇ ಏರಿಸುತ್ತಾರೆ, ಅದು ಕಿವಿಗೆ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು. ಸದ್ದು ಮೂರು ಡೆಸಿಬೆಲ್ ಏರಿದರೆ ಆ ತಾಸು ಅರ್ಧಕ್ಕೆ ಇಳಿಯುತ್ತದೆ. ಸರಿಯಾಗಿ ಕೂತ ರಬ್ಬರು ಹೊರಗಿನ ಸದ್ದನ್ನು ತಡೆಯುತ್ತದೆ, ಕಡಿಮೆ ವಾಲ್ಯೂಮಿನಲ್ಲೇ ಕೇಳಬಹುದು. ಬೇಸ್ ಬೇಕು ಅನ್ನುವವರಿಗೂ, ಕಿವಿ ಉಳಿಸಿಕೊಳ್ಳಬೇಕು ಅನ್ನುವವರಿಗೂ ಉತ್ತರ ಒಂದೇ ಆಯಿತು ನೋಡಿ. ರಸ್ತೆ ದಾಟುವಾಗ ಮಾತ್ರ ಒಂದು ಕಿವಿ ತೆಗೆದಿಡಿ.

ಅಕ್ಕನ ಮಗ ಕಾಲೇಜಿನ ಹುಡುಗ. ಅವನಿಗೆ ನನ್ನ ಸೆಟ್ಟಿಂಗು ಸೇರಲಿಲ್ಲ. "ಚಿಗವ್ವಾ, ಇದು ಸಪ್ಪ ಆತು" ಅಂದ. ಅವನು ಕೇಳುವುದು ಹೊಸ ಸಿನಿಮಾ ಹಾಡು, ಅಲ್ಲಿ ತಳದ ಬೀಟು ಖರ್ಜಕ್ಕಿಂತಲೂ ಕೆಳಗೆ, ನಲವತ್ತು ಐವತ್ತು ಹರ್ಟ್ಝ್‌ನಲ್ಲಿ ಇರುತ್ತದೆ. ಎರಡೂ ಬೇಸ್ ಸ್ವಿಚ್ ಮೇಲೆ ಮಾಡಿಕೊಂಡ, ಖುಷಿಯಾದ. ಅವನಿಗೆ ಅದು ಸರಿ. ಒಂದೇ ಸೆಟ್ಟನ್ನು ಇಬ್ಬರು ಹಂಚಿಕೊಳ್ಳುವ ಮನೆಯಲ್ಲಿ ಸ್ವಿಚ್ಚು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಒಬ್ಬರೇ ಬಳಸುವುದಾದರೆ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಸ್ವಿಚ್ ಮಾಡುವ ಕೆಲಸವನ್ನು ಫೋನಿನ ಈಕ್ವಲೈಜರ್, ಅಂದರೆ ಬೇಸು ಟ್ರೆಬಲನ್ನು ಬೇರೆ ಬೇರೆಯಾಗಿ ತಿದ್ದುವ ಸೌಲಭ್ಯ, ಇನ್ನೂ ಚೆನ್ನಾಗಿ ಮಾಡುತ್ತದೆ, ಅದೂ ಬಿಟ್ಟಿ. ಆಂಡ್ರಾಯ್ಡಿನಲ್ಲಿ ವೇವ್‌ಲೆಟ್ ಅನ್ನುವ ಆಪ್ ಇದೆ. ಒಂಬತ್ತು ಪಟ್ಟಿ ಇರುತ್ತವೆ, ಎಲ್ಲಿ ಬೇಕೋ ಅಲ್ಲಿ ಮಾತ್ರ ಏರಿಸಬಹುದು, ಇಳಿಸಬಹುದು. ಆಟೋಈಕ್ಯೂ ಅನ್ನುವ ಯೋಜನೆಯವರು ಸಾವಿರಾರು ಇಯರ್‌ಫೋನುಗಳ ಅಳತೆ ನೋಡಿ ತಿದ್ದುವಿಕೆ ಸಿದ್ಧಮಾಡಿ ಇಟ್ಟಿದ್ದಾರೆ, ನಿಮ್ಮ ಮಾಡೆಲ್ ಹೆಸರು ಹುಡುಕಿದರೆ ಆಪಿನೊಳಗೇ ಸಿಗುತ್ತದೆ. ಅಲ್ಲಿಂದ ಶುರುಮಾಡಿ ನಿಮ್ಮ ಕಿವಿಗೆ ತಕ್ಕಂತೆ ಬದಲಿಸಿಕೊಳ್ಳಿ. ಏರಿಸುವುದಕ್ಕಿಂತ ಇಳಿಸಿ ನೋಡುವುದು ಒಳ್ಳೆಯ ಪದ್ಧತಿ. ಬೇಸ್ ಬೇಕು ಅಂದರೆ ಉಳಿದದ್ದನ್ನು ಇಳಿಸಿ, ಆಮೇಲೆ ಒಟ್ಟು ವಾಲ್ಯೂಮ್ ಸ್ವಲ್ಪ ಏರಿಸಿ. ಎಲ್ಲ ಪಟ್ಟಿಯನ್ನೂ ಮೇಲೆ ತಳ್ಳಿದರೆ ಜೋರು ಜಾಗದಲ್ಲಿ ದನಿ ಒಡೆಯುತ್ತದೆ. ಎರಡು ಮೂರು ಡೆಸಿಬೆಲ್ಲಿಗಿಂತ ಹೆಚ್ಚು ತಿದ್ದಬೇಕು ಅನ್ನಿಸಿದರೆ ಆ ಇಯರ್‌ಫೋನ್ ನಿಮ್ಮದಲ್ಲ, ಬೇರೆ ನೋಡಿ.

ಫೋನಿನಲ್ಲಿ ರೌಂಡ್ ಪಿನ್ನಿನ ತೂತು ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕು. ಅಂಗಡಿಯಲ್ಲಿ ಎಪ್ಪತ್ತು ಎಂಬತ್ತಕ್ಕೂ ಸಿಗುತ್ತದೆ. ಅಂಥವು ಕೆಲವು ಬರೀ ತಂತಿ, ಒಳಗೆ ಚಿಪ್ ಇರುವುದಿಲ್ಲ. ಟೈಪ್-ಸಿ ಮೂಲಕ ಅನಲಾಗ್ ದನಿ ಕೊಡುವ ಫೋನುಗಳಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ, ಉಳಿದವುಗಳಲ್ಲಿ ಸದ್ದೇ ಬರುವುದಿಲ್ಲ. ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ದನಿಯನ್ನು ಅನಲಾಗ್ ಮಾಡುವಂಥದ್ದು) ಇದೆ ಅಂತ ಬರೆದಿರುವುದನ್ನೇ ತಗೊಳ್ಳಿ. ಇನ್ನೊಂದು ಕಾರಣವೂ ಇದೆ. ಹೆಚ್ಚು ಡ್ರೈವರ್ ಇರುವ, ಸ್ವಿಚ್ಚಿನ ಇಯರ್‌ಫೋನುಗಳು ಯಾವುದಕ್ಕೆ ಸಿಕ್ಕಿಸಿದ್ದೀರಿ ಅನ್ನುವುದರ ಮೇಲೆ ದನಿ ಬದಲಿಸುತ್ತವೆ. ಸಿಕ್ಕಿಸಿದ ಫೋನೋ ಕಂಪ್ಯೂಟರೋ ತನ್ನೊಳಗೆ ಒಡ್ಡುವ ತಡೆ (ಔಟ್‌ಪುಟ್ ಇಂಪಿಡೆನ್ಸ್) ಜಾಸ್ತಿ ಇದ್ದರೆ ಬೇಸು ಟ್ರೆಬಲಿನ ಪ್ರಮಾಣ ಏರುಪೇರಾಗುತ್ತದೆ. ಆಫೀಸಿನ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದಾಗ ನನ್ನದು ಬೇರೆಯೇ ಇಯರ್‌ಫೋನ್ ಅನ್ನುವ ಹಾಗೆ ಕೇಳಿತು.

ವೈರು ಕಿವಿಯ ಮೇಲಿಂದ ಸುತ್ತಿ ಹಿಂದಕ್ಕೆ ಬರುವಂಥದ್ದಾದರೆ ಒಳ್ಳೆಯದು. ನೇರ ಕೆಳಗೆ ಇಳಿಯುವ ವೈರು ಬಟ್ಟೆಗೆ ತಾಗಿದಾಗಲೆಲ್ಲ ಡಬ್ ಡಬ್ ಅಂತ ಕಿವಿಯೊಳಗೇ ಕೇಳುತ್ತದೆ. ಬಿಚ್ಚಿ ಬದಲಿಸುವ ವೈರು ಇರುವುದನ್ನೇ ನೋಡಿ. ಎರಡು ಪಿನ್ನಿನ 0.78 ಮಿಲಿಮೀಟರಿನ ವೈರು ಈಗ ಹೆಚ್ಚಿನ ಕಂಪನಿಗಳು ಬಳಸುತ್ತವೆ, ಹೊಸದು ಕೆಲವು ನೂರಕ್ಕೆ ಸಿಗುತ್ತದೆ. ಇಯರ್‌ಫೋನಿನಲ್ಲಿ ಮೊದಲು ಸಾಯುವುದು ವೈರು, ಅದೂ ಪಿನ್ನಿನ ಬುಡದಲ್ಲಿ. ಫೋನಿಗೆ ಸುತ್ತಿ ಜೇಬಿಗೆ ಹಾಕುವ ಅಭ್ಯಾಸ ಬಿಡಿ. ಮೂತಿಯ ಜಾಲರಿಗೆ ಕಿವಿಯ ಮೇಣ ಕಟ್ಟಿಕೊಂಡರೆ ಒಂದು ಕಡೆಯ ದನಿ ಸಣ್ಣದಾಗುತ್ತದೆ, ಒಣ ಬ್ರಷ್ಷಿನಿಂದ ಮೂತಿ ಕೆಳಮುಖ ಹಿಡಿದು ಉಜ್ಜಿದರೆ ಸಾಕು.

ಹಾಗಾದರೆ ಯಾವುದು ತಗೊಳ್ಳಬೇಕು? ಹಾಡು ಕಲಿಯುವವರು, ಮಾತು ಕೇಳುವವರು, ಹಳೆಯ ರೆಕಾರ್ಡಿಂಗಿನ ಹುಚ್ಚು ಇರುವವರು ಸ್ವಿಚ್ಚಿನ ಆಸೆಗೆ ಬೀಳದೆ ಒಂದೇ ಡ್ರೈವರಿನ ಸಾದಾ ಇಯರ್‌ಫೋನ್ ತಗೊಂಡು ಫೋನಿನಲ್ಲಿ ತಿದ್ದಿಕೊಳ್ಳಿ. ಮೂನ್‌ಡ್ರಾಪ್ ಚು 2 ಆ ಬಗೆಯದು: 10 ಮಿಲಿಮೀಟರಿನ ಒಂದೇ ಡ್ರೈವರು, ಬಿಚ್ಚುವ ವೈರು, ಬದಲಿಸಬಹುದಾದ ಮೂತಿ. ಮನೆಯಲ್ಲಿ ಇಬ್ಬರು ಮೂವರು ಬಳಸುವುದಾದರೆ, ಈಕ್ವಲೈಜರ್ ಇಲ್ಲದ ಟಿವಿಗೋ ಆಫೀಸಿನ ಕಂಪ್ಯೂಟರಿಗೋ ಸಿಕ್ಕಿಸುವುದಾದರೆ, ಸ್ವಿಚ್ಚಿನದು ತಗೊಳ್ಳಿ. ಈಗಿರುವ ಇಯರ್‌ಫೋನೇ ಸುಮಾರಾಗಿ ಚೆನ್ನಾಗಿದ್ದರೆ ಹೊಸದಕ್ಕೆ ಹೋಗುವ ಮುಂಚೆ ಇನ್ನೂರು ಮುನ್ನೂರು ರೂಪಾಯಿಯ ಬೇರೆ ಬೇರೆ ಅಳತೆಯ ರಬ್ಬರು ತರಿಸಿ ನೋಡಿ. ಎಷ್ಟೋ ಜನರ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಕೊಪ್ಪಿಕರ್ ರೋಡಿನ ಅಂಗಡಿಯಲ್ಲಿ ಕೇಳಿ ನೋಡಿ ತಗೊಳ್ಳುವುದಕ್ಕೆ ಬಿಟ್ಟರೆ ಅಲ್ಲೇ ಒಳ್ಳೆಯದು, ನಿಮ್ಮದೇ ರಬ್ಬರು ಜೊತೆಗೆ ಒಯ್ಯಿರಿ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬಿ ಬಿಚ್ಚಿದ ದಿನವೇ ಸ್ವಿಚ್ಚೆಲ್ಲ ಎರಡೂ ಕಡೆ ಒಂದೇ ಸಮ ಇಟ್ಟು ಒಂದು ಮೊನೊ ರೆಕಾರ್ಡಿಂಗ್ ಹಾಕಿ. ದನಿ ಸರಿಯಾಗಿ ನಡುವೆ ಕೂರಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಿಡಿದು ಇನ್ನೊಮ್ಮೆ ನೋಡಿ. ವಾಲುವ ದಿಕ್ಕು ಬದಲಾಯಿತು ಅಂದರೆ ದೋಷ ನಿಮ್ಮ ಕಿವಿಯದಲ್ಲ, ಇಯರ್‌ಫೋನಿನದು. ಹಿಂತಿರುಗಿಸುವ ಗಡುವು ಮುಗಿಯುವ ಮುಂಚೆ ವಾಪಸ್ ಕಳಿಸಿಬಿಡಿ.